ಪಕೀರಮ್ಮನ ಕೈಗುಣ

ಪಕೀರಮ್ಮ ಮುಟ್ಟಿದ್ದು ಯಾವುದೂ ಬದುಕುವುದಿಲ್ಲ ಎಂಬ ಮಾತು ಮಾನವಿಯ ಕೆಳಗಿನ ಓಣಿಯಲ್ಲಿ ಎಷ್ಟು ಸಲೀಸಾಗಿ ಓಡಾಡುತ್ತಿತ್ತೆಂದರೆ, ಗ್ರಾಮಸೇವಕಿಯಾಗಿ ಆ ಊರಿಗೆ ಹೋದ ಮೊದಲ ವಾರದಲ್ಲೇ ಅದು ನನ್ನ ಕಿವಿಗೂ ಬಿತ್ತು. ಅದು 1974ರ ಬೇಸಿಗೆ. ನಾನು ರಾಯಚೂರು ಪಟ್ಟಣದಲ್ಲಿ ಹುಟ್ಟಿ ಬೆಳೆದವಳು. ಕೈಯಲ್ಲಿ ಸರಕಾರದ ರಿಜಿಸ್ಟರು, ಮೂಗಿನ ತುದಿಯಲ್ಲಿ ಕೋಪ. ಜನರಿಗೆ ತಿಳಿವಳಿಕೆ ಹೇಳುವುದಕ್ಕೆಂದೇ ನನ್ನನ್ನು ಕಳಿಸಿದ್ದಾರೆ ಎಂದು ನಂಬಿದ್ದೆ.

ಕೂಸುಗಳಿಗೆ ಸೂಜಿ ಹಾಕಿಸುವ ದಿನ. ಓಣಿಯ ಬೇವಿನ ಗಿಡದ ಕೆಳಗೆ ಹೆಂಗಸರ ಗದ್ದಲ. ಒಂದು ಕೂಸಿನ ತಾಯಿಗೆ ತಲೆಸುತ್ತು ಬಂತು, ನಾನು ಅವಳ ಕೂಸನ್ನು ಎತ್ತಿಕೊಂಡು ಪಕ್ಕದಲ್ಲಿ ನಿಂತಿದ್ದ ಹೆಂಗಸಿನ ಕಡೆ ಚಾಚಿದೆ. ಆಕೆ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು ಹಿಂದೆ ಸರಿದಳು.

"ನನ್ನ ಕೈಯಾಗ ಕೊಡಬ್ಯಾಡ್ರಿ ಬಾಯಾರ. ನನ್ನ ಕೈ ಚೊಲೋ ಇಲ್ಲ," ಎಂದಳು.

ಅವಳೇ ಪಕೀರಮ್ಮ. ಆಗ ಅವಳಿಗೆ ಮೂವತ್ತರ ಆಸುಪಾಸು. ಗಂಡ ಗದ್ದೆಪ್ಪ ಹತ್ತಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ, ಇವಳು ಕಂಡವರ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ಹೆತ್ತ ಎರಡು ಮಕ್ಕಳು ಎರಡು ಬೇಸಿಗೆಗಳಲ್ಲಿ ಹೋಗಿದ್ದವು. ಮೊದಲನೆಯದಕ್ಕೆ ನಾಲ್ಕು ತಿಂಗಳು, ಎರಡನೆಯದಕ್ಕೆ ಏಳು. ಎರಡನೆಯದನ್ನು ಮಣ್ಣು ಮಾಡಿ ಬಂದ ದಿನ ಅತ್ತೆ ಯಮನಮ್ಮ ಅಂಗಳದಲ್ಲಿ ಕೂತು, "ಈಕಿ ಕೈಯಾಗ ಏನೂ ಉಳಿಯಂಗಿಲ್ಲ," ಎಂದುಬಿಟ್ಟಿದ್ದಳು. ದುಃಖದಲ್ಲಿ ಆಡಿದ ಮಾತು. ಆದರೆ ಆಡಿದವಳು ಮರೆತರೂ ಓಣಿ ಮರೆಯಲಿಲ್ಲ, ಪಕೀರಮ್ಮನಂತೂ ಮರೆಯಲೇ ಇಲ್ಲ.

ನಮ್ಮ ಕಡೆ ಕೈಗುಣ ಎಂದರೆ ಸಣ್ಣ ಸಂಗತಿಯಲ್ಲ. ಹೀರೆ ಬೀಜ ಊರುವುದಿದ್ದರೂ ಒಳ್ಳೆಯ ಕೈಯವರನ್ನು ಕರೆದು ಊರಿಸುತ್ತಾರೆ. ಪಕೀರಮ್ಮ ಮಾತ್ರ ಪ್ರತಿ ವರ್ಷ ಮಳೆ ನಿಂತ ಮೇಲೆ, ತನ್ನ ಕೈಯಿಂದಲೇ, ಗುಡಿಸಲ ಹಿಂದೆ ಏನಾದರೂ ನೆಡುತ್ತಿದ್ದಳು. ಕರಿಬೇವು, ಅವರೆ, ಮೆಂತ್ಯ. ವಾರ ಹತ್ತು ದಿನ ಚೆನ್ನಾಗಿರುತ್ತಿತ್ತು, ಆಮೇಲೆ ಎಲೆಯ ಅಂಚು ಸುಟ್ಟಂತಾಗಿ ಒಣಗುತ್ತಿತ್ತು. ಓಣಿಯ ಮಿಕ್ಕವರು ನೆಡುವ ಗೋಜಿಗೇ ಹೋಗಿರಲಿಲ್ಲ. ನೆಡದವರ ಗಿಡ ಸಾಯುವುದೂ ಇಲ್ಲವಲ್ಲ, ಆದ್ದರಿಂದ ಅವರೆಲ್ಲರ ಕೈ ಒಳ್ಳೆಯದೇ ಆಗಿತ್ತು.

ಒಂದು ದಿನ ನಾನೂ ತಮಾಷೆ ಮಾಡಿದೆ. "ಪಕೀರಮ್ಮ, ನಮ್ಮ ಆಫೀಸಿನ ಹಿಂದ ಕಸ ಭಾಳ ಬೆಳೆದದ. ಬಂದು ಒಮ್ಮೆ ಮುಟ್ಟಿ ಹೋಗವ್ವ." ಓಣಿ ಗೊಳ್ಳೆಂದು ನಕ್ಕಿತು. ಅವಳೂ ನಕ್ಕಳು. ನಕ್ಕು, "ಚಾ ಕುಡದು ಹೋಗ್ರಿ ಬಾಯಾರ," ಎಂದಳು. ಪ್ರತಿ ಸಲ ಕೇಳುತ್ತಿದ್ದಳು. ನಾನು ಪ್ರತಿ ಸಲದಂತೆ, ಈಗಷ್ಟೇ ಕುಡಿದು ಬಂದೆ ಎಂದು ಹೇಳಿ ಎದ್ದೆ. ಆ ತಮಾಷೆಯನ್ನು ನೆನೆದರೆ ಇಂದಿಗೂ ನನ್ನ ನಾಲಿಗೆ ನನಗೇ ಬೇಡವೆನಿಸುತ್ತದೆ.

1978ರ ಜನವರಿಯಲ್ಲಿ ಮೇಲಿನಿಂದ ಒಂದು ಕಾಗದ ಬಂತು. ರಾಯಚೂರಿನ ಹೊರಗಿನ ಕೃಷಿ ಫಾರಂನಲ್ಲಿ ಹನ್ನೆರಡು ದಿನ ಕೈತೋಟದ ತರಬೇತಿ. ಊರಿಗೆ ಐದು ಜನ ಹೆಂಗಸರು. ಊಟ, ವಸತಿ, ಒಂದು ಚೀಲ ಬೀಜ ಕೊಡುತ್ತಾರೆ, ಕೂಲಿ ಇಲ್ಲ. ಕಲಿತವರು ಊರಿಗೆ ಮರಳಿ ಹತ್ತು ಮನೆಗಳಿಗಾದರೂ ತೋಟ ಹಾಕಿಸಬೇಕು, ಕೇಳಿಕೊಂಡು ಬಂದವರಿಗೆ ಬಿಟ್ಟಿಯಾಗಿ ಹೇಳಿಕೊಡಬೇಕು. ಅಂಥವರಿಗೆ ಕೈತೋಟದ ಕಾರ್ಯಕರ್ತೆ ಎಂದು ಹೆಸರು. ಕೂಲಿ ಇಲ್ಲ ಎಂದ ಕೂಡಲೇ ಅರ್ಧ ಊರು ಹಿಂದೆ ಸರಿಯಿತು. ಹೇಗೋ ನಾಲ್ವರು ಸಿಕ್ಕರು. ಐದನೆಯ ಸಾಲು ಖಾಲಿ ಬಿಟ್ಟರೆ ನನ್ನ ಮೇಲಿನವರು ನನ್ನನ್ನು ಬಿಡುತ್ತಿರಲಿಲ್ಲ. ಪಕೀರಮ್ಮನ ಹೆಸರು ಬರೆದು, ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಅವಳ ಮನೆಗೆ ಹೋದೆ. ಅವಳ ಮೇಲಿನ ಕರುಣೆಯಿಂದಲ್ಲ, ಸಾಲು ತುಂಬುವುದಕ್ಕೆ.

"ನನ್ನ ಕೈ ಗೊತ್ತಿದ್ದೂ ಗೊತ್ತಿದ್ದೂ ಕರಿಯಾಕತ್ತೀರಲ್ರಿ? ಸರಕಾರದ ಗಿಡ ಸತ್ತರ ನಿಮಗs ಕೆಟ್ಟ ಹೆಸರು," ಎಂದಳು ಪಕೀರಮ್ಮ.

"ಸರಕಾರದ ಗಿಡ ನೀ ಮುಟ್ಟಲಿಲ್ಲ ಅಂದ್ರೂ ಸಾಯ್ತಾವ. ಒತ್ತು," ಎಂದೆ.

ಒತ್ತಿದಳು. ಮನೆಯ ಮಣ್ಣು ಒಂದು ಬೊಗಸೆ, ಮನೆಯಲ್ಲಿ ಬಳಸುವ ನೀರು ಒಂದು ಬಾಟಲಿ ತರಬೇಕೆಂದು ಕಾಗದದಲ್ಲಿತ್ತು. ಐವರನ್ನೂ ಕರೆದುಕೊಂಡು, ಮಣ್ಣಿನ ಗಂಟು ಬಾಟಲಿಗಳ ಸಮೇತ, ರಾಯಚೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಪಕೀರಮ್ಮ ತನ್ನ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಕಲಿಸಿದವರು ದೊಡ್ಡ ಸಾಹೇಬರೇನಲ್ಲ. ಒಂದು ದಿನ ಬಂದು ಭಾಷಣ ಮಾಡಿ ಹೋದ ಸಾಹೇಬರ ಒಂದು ಮಾತೂ ನನಗೆ ನೆನಪಿಲ್ಲ. ಉಳಿದ ಹನ್ನೊಂದು ದಿನ ಕಲಿಸಿದವರು ಫಾರಂನ ಮೇಸ್ತ್ರಿ ದಸ್ತಗೀರ್ ಸಾಬರು. ಬಿಳಿ ಗಡ್ಡ, ಮಂಡಿವರೆಗೆ ಮಡಚಿದ ಪೈಜಾಮ, ಬೆರಳುಗಳ ಗೆರೆಗಳಲ್ಲಿ ಕಪ್ಪು ಮಣ್ಣು. ಎರಡನೆಯ ದಿನ ಅವರು ಎಲ್ಲರ ಬಾಟಲಿಗಳನ್ನು ಸಾಲಾಗಿ ಇಡಿಸಿ ಒಂದೊಂದನ್ನೇ ಕೇಳುತ್ತ ಬಂದರು, ಯಾವ ಊರು, ಯಾವ ಬಾವಿ, ಏನು ಬೆಳೆಯುತ್ತೀರಿ. ಪಕೀರಮ್ಮನ ಸರದಿ ಬಂತು.

"ನಾ ಹಾಕಿದ್ದು ಯಾವುದೂ ಉಳಿಯಂಗಿಲ್ರಿ. ನನ್ನ ಕೈಯs ಹಂಗ," ಎಂದಳು.

ದಸ್ತಗೀರ್ ಸಾಬರು ಅವಳ ಕೈಯನ್ನು ನೋಡಲೇ ಇಲ್ಲ. ಬಾಟಲಿ ಎತ್ತಿ, ಬಿರಡೆ ತೆಗೆದು, ಎಲ್ಲರೆದುರು ಗಟಗಟ ಎರಡು ಗುಟುಕು ಕುಡಿದರು. ಜೊತೆಗೆ ಬಂದಿದ್ದ ಉಳಿದ ನಾಲ್ವರ ಮುಖ ನೋಡಬೇಕಿತ್ತು. ಪಕೀರಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು. ಬೇರೆಯವರು ಯಾರಾದರೂ ತನ್ನ ಮನೆಯ ನೀರನ್ನು ಕುಡಿದದ್ದನ್ನು ಅವಳು ಅದುವರೆಗೆ ನೋಡಿರಲಿಲ್ಲವಂತೆ. ಆಮೇಲೆ ಎಷ್ಟೋ ವರ್ಷ, ತರಬೇತಿಯ ಮಾತು ಬಂದಾಗಲೆಲ್ಲ ಮೊದಲು ಇದನ್ನೇ ಹೇಳುತ್ತಿದ್ದಳು, ಗಿಡಗಳ ಸುದ್ದಿ ಆಮೇಲೆ.

"ಅರೇ ಬೇಟಿ, ಇದು ಖಾರಾ, ಉಪ್ಪು ನೀರು. ಸವಳು. ಇದನ್ನs ಹಾಕ್ತೀ ಏನು ಗಿಡಕ್ಕ?"

"ಮತ್ತೇನು ಹಾಕ್ಲಿ? ನಮ್ಮ ಬಾವಿ ಇದs ಅದರಿ."

ಹೌದು. ಊರ ನಡುವೆ ಒಂದು ಸಿಹಿನೀರಿನ ಬಾವಿ ಇತ್ತು. ಕೆಳಗಿನ ಓಣಿಯವರು ಅದನ್ನು ಸೇದುವಂತಿರಲಿಲ್ಲ. ದೂರ ಕೊಡ ಇಟ್ಟುಕೊಂಡು ನಿಂತು, ಯಾರಾದರೂ ಸೇದಿ ಸುರಿಯುವವರೆಗೆ ಕಾಯಬೇಕು. ಹಾಗೆ ಸಿಕ್ಕ ಒಂದು ಕೊಡ ಕುಡಿಯುವುದಕ್ಕೆ. ಮಿಕ್ಕದ್ದಕ್ಕೆಲ್ಲ ಅವರಿಗೆಂದೇ ಬಿಟ್ಟುಕೊಟ್ಟ ಸವಳು ಬಾವಿ. ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಗಿಡಕ್ಕೂ ನಾಲಿಗೆ ಇದೆ ಎಂದು ಯಾರೂ ಯೋಚಿಸಿರಲಿಲ್ಲ. ಕೈಗುಣ ಎಂಬ ಉತ್ತರ ಸಿದ್ಧವಾಗಿರುವಾಗ ಬಾವಿಯ ಕಡೆ ಯಾರು ನೋಡುತ್ತಾರೆ?

ದಸ್ತಗೀರ್ ಸಾಬರು ಎರಡು ಕುಂಡ ತರಿಸಿ ಒಂದೇ ರಾಶಿಯ ಮಣ್ಣು ತುಂಬಿಸಿದರು. ಎರಡಕ್ಕೂ ಪಕೀರಮ್ಮನ ಕೈಯಿಂದಲೇ ಮೆಂತ್ಯ ಹಾಕಿಸಿದರು. ಒಂದಕ್ಕೆ ಫಾರಂನ ನೀರು, ಇನ್ನೊಂದಕ್ಕೆ ಸವಳು ನೀರು. ಬಾಟಲಿ ಮುಗಿದಾಗ ಮಾನವಿಯಿಂದ ಬರುವ ಬಸ್ಸಿನ ಕಂಡಕ್ಟರನಿಗೆ ಹೇಳಿ ಡಬ್ಬಿಯಲ್ಲಿ ನೀರು ತರಿಸಿಕೊಂಡದ್ದೂ ಆಯಿತು. ಬಸ್ಸಿನ ಜನ ನಗುತ್ತಿದ್ದರಂತೆ.

ಒಂಬತ್ತನೆಯ ದಿನಕ್ಕೆ ಫಾರಂ ನೀರಿನ ಕುಂಡದಲ್ಲಿ ಮೆಂತ್ಯ ನಾಲ್ಕು ಬೆರಳು ಎತ್ತರ ಎದ್ದು ನಿಂತಿತ್ತು. ಇನ್ನೊಂದರಲ್ಲಿ ಏಳೆಂಟು ಸಸಿ ಮಾತ್ರ, ಅವುಗಳ ಅಂಚೂ ಸುಟ್ಟಿತ್ತು. ಅವಳ ಗುಡಿಸಲ ಹಿಂದಿನದೇ ಸುಟ್ಟ ಅಂಚು.

ಪಕೀರಮ್ಮ ಎರಡನ್ನೂ ತುಂಬ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ, "ಇದನ್ನ ಎಡಗೈಲೆ ಹಾಕಿರಬೇಕ್ರಿ ನಾನು," ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಕಣ್ಣೆದುರು ಇದ್ದರೂ ನಂಬುವುದಿಲ್ಲವಲ್ಲ ಈ ಹೆಂಗಸು! ದಸ್ತಗೀರ್ ಸಾಬರಿಗೆ ಮಾತ್ರ ಸಿಟ್ಟು ಬರಲಿಲ್ಲ. ಶೆಡ್ಡಿನ ಹಿಂದೆ ಹೋಗಿ ಮೂರನೆಯ ಒಂದು ಕುಂಡ ಹಿಡಿದುಕೊಂಡು ಬಂದರು. ಅದರಲ್ಲೂ ಆರೇಳು ಬಡಕಲು ಸಸಿ.

"ಇದು ನಾ ಹಾಕಿದ್ದು ಬೇಟಿ, ನೀ ಹಾಕಿದ ದಿನನ. ನಿನ್ನ ನೀರು ಹಾಕೀನಿ. ನಲವತ್ತು ವರ್ಷದಿಂದ ಬೀಜ ಹಾಕೋ ಕೈ ಇದು. ನೋಡು, ನಿಮ್ಮ ಬಾವಿ ಇದನ್ನೂ ಬಿಡ್ಲಿಲ್ಲ. ನಂದೂ ಕೆಟ್ಟ ಕೈ ಏನು?"

ಪಕೀರಮ್ಮ ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟಳು. ಅಳಲಿಲ್ಲ. ಮೂರನೆಯ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಆ ಬಡಕಲು ಸಸಿಗಳನ್ನು ಬೆರಳಿನಿಂದ ಒಂದೊಂದಾಗಿ ಸವರುತ್ತ ಕೂತಳು. ಅಷ್ಟೊಂದು ಮೃದುವಾದ ಕೈ ಅವಳದೆಂದು ನಾನು ನಾಲ್ಕು ವರ್ಷದಲ್ಲಿ ಗಮನಿಸಿರಲಿಲ್ಲ.

ಉಳಿದ ಮೂರು ದಿನ ಅವಳು ದಸ್ತಗೀರ್ ಸಾಬರ ಬೆನ್ನು ಬಿಡಲಿಲ್ಲ. ಸವಳು ನೀರಿದ್ದರೂ ಏನು ಮಾಡಬಹುದು ಎಂದು ಅವರು ತೋರಿಸಿದರು. ಕುಂಬಾರರ ಮಡಕೆಯನ್ನು ಕುತ್ತಿಗೆವರೆಗೆ ಹೂತು ಅದರಲ್ಲಿ ನೀರು ತುಂಬಿದರೆ, ತೇವ ಒಸರಿ ಬೇರಿಗೆ ಸ್ವಲ್ಪ ಸ್ವಲ್ಪವೇ ಮುಟ್ಟುತ್ತದೆ. ಉಪ್ಪು ಬದುವಿನ ನೆತ್ತಿಗೆ ಏರಿ ಕೂರುತ್ತದೆ, ಆದ್ದರಿಂದ ಬೀಜವನ್ನು ನೆತ್ತಿಗೆ ಹಾಕದೆ ಪಕ್ಕೆಗೆ ಹಾಕಬೇಕು. ಕುರಿ ಗೊಬ್ಬರ ಕೈತುಂಬ ಬೇಕು. ಅವರೆಗೆ ಹಟ ಮಾಡಬಾರದು, ಪಾಲಕ ಬೀಟ್‌ರೂಟು ಇಂಥ ನೀರನ್ನು ಸಹಿಸುತ್ತವೆ. ಓದು ಬಾರದ ಪಕೀರಮ್ಮ ಇದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಸ್ಸಿನಲ್ಲಿ ತುಟಿ ಅಲುಗಿಸುತ್ತಲೇ ಮಾನವಿಗೆ ಬಂದಳು.

ಅತ್ತೆ ಯಮನಮ್ಮ ಕೇಳಿಸಿಕೊಂಡು ಉರಿದುಬಿದ್ದಳು. "ಬಾವಿ ನೀರಿಂದ ಸಾಯ್ತಾವಂದ್ರ ನಾ ಹೆಂಗ ಬದುಕೀನಿ ಅರವತ್ತು ವರ್ಷ?"

"ನೀ ಪಾಲಕ ಇದ್ದಂಗ ಅತ್ತಿ," ಎಂದಳು ಪಕೀರಮ್ಮ. ಆ ಮನೆಯಲ್ಲಿ ಸೊಸೆ ಎದುರು ಮಾತಾಡಿದ್ದು ಅದೇ ಮೊದಲಂತೆ. ಯಮನಮ್ಮ ನಗಬೇಕೋ ಬೈಯಬೇಕೋ ತಿಳಿಯದೆ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು.

ಬೇಸಿಗೆ ಏರುವ ಮೊದಲೇ ಗುಡಿಸಲ ಹಿಂದೆ ಪಾಲಕ ಬಂತು. ಮೊದಲ ಕಟ್ಟನ್ನು ಯಮನಮ್ಮ ತಾನೇ ಕೊಯ್ದು, ಮನೆಗೆ ಒಯ್ಯದೆ, ಓಣಿಯ ಹದಿನಾಲ್ಕು ಮನೆಗೂ ನಾಲ್ಕು ನಾಲ್ಕು ಎಲೆ ಹಂಚಿ ಬಂದಳು. "ನಮ್ಮ ಪಕೀರಿ ಬೆಳೆದದ್ದು," ಎಂದು ಪ್ರತಿ ಬಾಗಿಲಲ್ಲೂ ಹೇಳಿದಳಂತೆ. ಅದಕ್ಕಿಂತ ದೊಡ್ಡ ಕ್ಷಮೆ ಆ ಮುದುಕಿಗೆ ಕೇಳಲು ಬರುತ್ತಿರಲಿಲ್ಲ, ಪಕೀರಮ್ಮನೂ ಅದಕ್ಕಿಂತ ಹೆಚ್ಚು ಬಯಸಲಿಲ್ಲ.

ಎರಡು ವರ್ಷದಲ್ಲಿ ಆ ಹದಿನಾಲ್ಕೂ ಮನೆಗಳಿಗೆ ಹಿತ್ತಲು ತೋಟ ಬಂತು. ಕುಂಬಾರರು ಬಾಯಿ ಮುಕ್ಕಾದ ಮಡಕೆಗಳನ್ನು ಎಸೆಯುವುದು ನಿಲ್ಲಿಸಿ ಪಕೀರಮ್ಮನಿಗೆಂದು ತೆಗೆದಿಡತೊಡಗಿದರು. ಕಲ್ಲೂರಿನಿಂದ, ಸಿರವಾರದಿಂದ ಜನ ಮಣ್ಣು ಕಟ್ಟಿಕೊಂಡು ಬರುತ್ತಿದ್ದರು. ಅವಳು ಮಣ್ಣು ನೋಡುವ ಮೊದಲೇ, "ನೀರು ತಂದೀರೇನು?" ಎಂದು ಕೇಳುತ್ತಿದ್ದಳು. ತಂದಿದ್ದರೆ ನಾಲಿಗೆಗೆ ಹಚ್ಚಿ, ಕಣ್ಣು ಮುಚ್ಚಿ, ಥೇಟ್ ದಸ್ತಗೀರ್ ಸಾಬರ ಗತ್ತಿನಲ್ಲಿ ತೀರ್ಪು ಕೊಡುತ್ತಿದ್ದಳು. ಊರ ನಡುವಿನ ದೊಡ್ಡ ಮನೆಯ ಗೌಡಸಾನಿಯೊಬ್ಬಳು ತನ್ನ ಮಲ್ಲಿಗೆ ಬಳ್ಳಿ ಮೊಗ್ಗು ಬಿಡುತ್ತಿಲ್ಲವೆಂದು ಹೇಳಿಕಳಿಸಿದಳು. ಪಕೀರಮ್ಮ ಹೋಗಿ ಹಿತ್ತಲ ಬಾಗಿಲಲ್ಲೇ ನಿಂತು ಹೇಳಿಕೊಟ್ಟು ಬಂದಳು.

"ಇಷ್ಟು ತಿರುಗ್ತೀಯಲ್ಲ, ಒಂದು ದಿನದ ಕೂಲಿ ಹೋಗಂಗಿಲ್ಲೇನು?" ಎಂದು ನಾನೇ ಒಮ್ಮೆ ಕೇಳಿದೆ.

"ಹೋಗತದರಿ," ಎಂದಳು. "ಆದ್ರ ಮೊದಲ ನಾ ಎದುರಿಗೆ ಬಂದ್ರ ಜನ ದಾರಿ ಬದಲಿಸ್ತಿದ್ರು. ಈಗ ನನ್ನ ಹುಡಿಕ್ಕೊಂಡು ಬರಾಕತ್ತಾರ. ಇದಕ್ಕೇನು ಕೂಲಿ ಕೊಡ್ತೀರಿ ನೀವು?"

ಇಷ್ಟಾದರೂ ಅವಳು ಕೂಸುಗಳನ್ನು ಮುಟ್ಟುತ್ತಿರಲಿಲ್ಲ. ಓಣಿಯಲ್ಲಿ ತೊಟ್ಟಿಲು ಕಟ್ಟಿದರೆ ಬಾಗಿಲ ಹೊರಗೆ ನಿಂತು ಸೊಪ್ಪಿನ ಕಟ್ಟು ಕೊಟ್ಟು ಬರುತ್ತಿದ್ದಳು. ನಾನು ಬೈದರೆ, "ಗಿಡದ್ದು ಬ್ಯಾರೆ, ಕೂಸಿಂದು ಬ್ಯಾರೆ ಬಾಯಾರ. ಕೂಸಿಗೆ ಮೂರು ಕುಂಡ ಇಟ್ಟು ನೋಡಾಕ ಬರಂಗಿಲ್ಲಲ್ಲ," ಎನ್ನುತ್ತಿದ್ದಳು.

ಅವಳ ಅಕ್ಕ ತೀರಿಕೊಂಡಾಗ ಅಕ್ಕನ ಮಗಳು ಬಸವಂತಮ್ಮ ಇವಳ ಮನೆಗೇ ಬಂದು ಬೆಳೆದಿದ್ದಳು. ಆಗ ಆಕೆಗೆ ಒಂಬತ್ತು ವರ್ಷ. "ನನ್ನ ಕೈಗೆ ಬಗ್ಗಲಾರದಷ್ಟು ದೊಡ್ಡಾಕಿ ಆಗಿ ಬಂದ್ಲು, ಬದುಕಿದ್ಲು," ಎಂದು ಪಕೀರಮ್ಮ ಅವಳ ಬಗ್ಗೆ ನಗುತ್ತ ಹೇಳುತ್ತಿದ್ದಳು. ಬಸವಂತಮ್ಮನನ್ನು ದೇವದುರ್ಗಕ್ಕೆ ಕೊಟ್ಟಿದ್ದರು. ಚಿಕ್ಕವ್ವನಿಂದ ಕಲಿತು ಅಲ್ಲಿಯೂ ಮಡಕೆ ಹೂಳಿಸಿದ ಚುರುಕಿನ ಹುಡುಗಿ. 1982ರಲ್ಲಿ ಚೊಚ್ಚಿಲ ಹೆರಿಗೆಗೆ ಮಾನವಿಗೆ ಬಂದಳು. ಹೆಣ್ಣು ಕೂಸು ಹುಟ್ಟಿತು. ಪಕೀರಮ್ಮ ಬಾಣಂತಿಗೆ ಬಿಸಿನೀರು ಹಾಕಿದಳು, ಪಥ್ಯ ಬೇಯಿಸಿದಳು, ಕೂಸಿನ ಬಟ್ಟೆ ಒಗೆದಳು. ಕೂಸನ್ನು ಮಾತ್ರ ಮುಟ್ಟಲಿಲ್ಲ. ಅತ್ತರೆ ದೂರದಿಂದ ಚಪ್ಪಾಳೆ ತಟ್ಟಿ ಆಡಿಸುತ್ತಿದ್ದಳಂತೆ.

ಹೆಸರಿಡುವ ದಿನ ನನ್ನನ್ನೂ ಕರೆದಿದ್ದರು. ಅಂಗಳದಲ್ಲಿ ಜನ, ಬಾಗಿಲಿಗೆ ಬೇವಿನ ಸೊಪ್ಪು, ಒಳಗೆ ಸೀರೆಯ ತೊಟ್ಟಿಲು. ಕೂಸನ್ನು ತೊಟ್ಟಿಲಿಗೆ ಹಾಕುವ ಹೊತ್ತಾಯಿತು. ಬಸವಂತಮ್ಮ ಕೂಸನ್ನೆತ್ತಿಕೊಂಡು ನೇರ ಬಾಗಿಲ ಹೊರಗೆ ನಿಂತಿದ್ದ ಪಕೀರಮ್ಮನ ಮುಂದೆ ಹೋಗಿ ನಿಂತಳು.

"ಚಿಕ್ಕವ್ವ, ನೀ ಹಾಕಬೇಕು. ನೀ ಹಾಕಲಿಲ್ಲಂದ್ರ ಇದಕ್ಕ ಹೆಸರು ಬ್ಯಾಡ. ನಾ ಹಂಗs ದೇವದುರ್ಗಕ್ಕ ಒಯ್ತೀನಿ."

ಪಕೀರಮ್ಮನ ಕೈಗಳು ಸೆರಗಿನೊಳಗೆ ಹೋದವು, ಎಂಟು ವರ್ಷದ ಹಿಂದೆ ಬೇವಿನ ಗಿಡದ ಕೆಳಗೆ ಹೋದ ಹಾಗೆಯೇ. ಎಲ್ಲರೂ ಒತ್ತಾಯ ಮಾಡಿದರು. ಯಮನಮ್ಮ ಒಳಗಿನಿಂದ, "ಆ ಮಾತು ನನ್ನ ಬಾಯಿಂದ ಬಂದದ್ದವ್ವ, ನನ್ನ ಬಾಯಿಗೆ ಹುಳ ಬೀಳಲಿ," ಎಂದು ಅತ್ತಳು. ಪಕೀರಮ್ಮ ತಲೆ ಅಲ್ಲಾಡಿಸುತ್ತಲೇ ಇದ್ದಳು. ನನ್ನ ಕೋಪ ನನ್ನ ಕೈಯಲ್ಲಿರಲಿಲ್ಲ.

"ಎಷ್ಟು ಊರಿಗೆ ಬುದ್ಧಿ ಹೇಳ್ತೀ ನೀನು! ಇನ್ನೂ ಕೈಗುಣ ಹಿಡಕೊಂಡು ಕೂತೀಯಲ್ಲ, ನಾಚಿಕಿ ಬರಂಗಿಲ್ಲೇನು?" ಎಂದೆ.

ಅವಳು ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ಅವಳಿಗೆ ಸಿಟ್ಟು ಬರುವುದೇ ಇಲ್ಲ. "ಬಾಯಾರ, ನೀವು ಓದಿದವರು. ಎಂಟು ವರ್ಷ ಆತು, ನನ್ನ ಕೈಯಿಂದ ಒಂದು ಗುಟುಕು ಚಾ ಇಸಗೊಂಡಿಲ್ಲ ನೀವು. ನನ್ನ ಕೈಗೆ ನೀವs ಅಂಜತೀರಿ ಅಂದ್ರ, ನಾ ಅಂಜಬಾರದೇನ್ರಿ?"

ಎಂಟು ವರ್ಷ ಆ ಹೆಂಗಸು ನನ್ನ ಬಗ್ಗೆ ಎಷ್ಟು ಒಳ್ಳೆಯದನ್ನು ತಿಳಿದುಕೊಂಡಿದ್ದಳು! ನಾನು ಅವಳ ಕೈಗುಣಕ್ಕೆ ಅಂಜುತ್ತಿದ್ದೇನೆ ಎಂದುಕೊಂಡಿದ್ದಳು. ನಿಜ ಅದಕ್ಕಿಂತ ಕೊಳಕಾಗಿತ್ತು. ನಾನು ಹುಟ್ಟಿದ ಮನೆಯಲ್ಲಿ ಆ ಓಣಿಯವರ ಕೈನೀರು ಕುಡಿಯುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ನಾನೂ, ಏನೂ ಯೋಚಿಸದೆ, ಈಗಷ್ಟೇ ಕುಡಿದು ಬಂದೆ ಎನ್ನುತ್ತಲೇ ಬಂದಿದ್ದೆ. ಯಾವ ಓಣಿಯಲ್ಲೂ ಕುಡಿಯದವಳಲ್ಲ, ಆ ಓಣಿಯಲ್ಲಿ ಮಾತ್ರ.

"ನೀರು ಕೊಡು," ಎಂದೆ. ಮತ್ತೊಮ್ಮೆ ಹೇಳಿದೆ, "ನೀರು ಕೊಡು ಪಕೀರಮ್ಮ. ನೀನೇ ಕೊಡು."

ಅವಳು ಒಳಗೆ ಹೋಗಿ ಹಿತ್ತಾಳೆಯ ಚರಗಿಯಲ್ಲಿ ನೀರು ತಂದಳು. ಓಣಿಯ ಬಾಯಿಗೆ ನಲ್ಲಿ ಬಂದು ವರ್ಷವಾಗಿತ್ತು, ಕುಡಿಯುವ ಕೊಡ ಬೇರೆ, ತೋಟದ ಕೊಡ ಬೇರೆ ಇಡುತ್ತಿದ್ದಳು. ಗಾಬರಿಯಲ್ಲಿ ತೋಟದ ಕೊಡಕ್ಕೆ ಚರಗಿ ಅದ್ದಿದ್ದಳು. ಮೊದಲ ಗುಟುಕಿಗೇ ಗಂಟಲು ಹಿಡಿಯಿತು. ಸವಳು. ಎಂಟು ವರ್ಷದ ಹಿಂದೆ, ಆ ಮೊದಲ ವಾರದಲ್ಲಿ, ಈ ನೀರಲ್ಲಿ ಕಾಸಿದ ಚಾ ಒಂದೇ ಒಂದು ಗುಟುಕು ಕುಡಿದಿದ್ದರೆ ಅಂದೇ ನನಗೆ ಎಲ್ಲ ತಿಳಿಯುತ್ತಿತ್ತು. ರಾಯಚೂರಿಗೆ ಹೋಗಿ ದಸ್ತಗೀರ್ ಸಾಬರು ಕುಡಿಯುವವರೆಗೆ ಕಾಯಬೇಕಿರಲಿಲ್ಲ.

ನನ್ನ ಮುಖ ನೋಡಿ ಅವಳಿಗೆ ಗೊತ್ತಾಯಿತು. "ಅಯ್ಯ, ಚೆಲ್ರಿ ಬಾಯಾರ, ತೋಟದ ನೀರದು!" ಎಂದು ಚರಗಿಗೆ ಕೈ ಹಾಕಿದಳು.

ನಾನು ಬಿಡಲಿಲ್ಲ. ತಳದ ಹನಿಯವರೆಗೆ ಕುಡಿದು ಚರಗಿಯನ್ನು ಅವಳ ಕೈಗೇ ಕೊಟ್ಟೆ. ಕಣ್ಣಲ್ಲಿ ನೀರು ಬಂದಿತ್ತು, ಅದು ಉಪ್ಪಿಗೋ ಇನ್ನೊಂದಕ್ಕೋ ಎಂದು ಯಾರೂ ಕೇಳಲಿಲ್ಲ.

ಪಕೀರಮ್ಮ ಚರಗಿಯನ್ನು ಹೊಸ್ತಿಲ ಮೇಲಿಟ್ಟಳು. ಕೈಗಳನ್ನು ಸೆರಗಿಗೆ ಎರಡು ಸಲ ಒರೆಸಿಕೊಂಡಳು. ಆಮೇಲೆ ಬಸವಂತಮ್ಮನ ಕಡೆ ಎರಡೂ ಕೈ ಚಾಚಿದಳು.

ಕೂಸು ಕೈಗೆ ಬಂದ ಕೂಡಲೇ ಜೋರಾಗಿ ಅತ್ತಿತು. ಅವಳು ಹೆದರಲಿಲ್ಲ, ಎದೆಗೆ ಒತ್ತಿಕೊಂಡು ಬೆನ್ನು ಸವರಿದಳು, ಆ ಮೂರನೆಯ ಕುಂಡದ ಸಸಿಗಳನ್ನು ಸವರಿದ ಹಾಗೆ. ತೊಟ್ಟಿಲಿಗೆ ಹಾಕಿ, ಹೆಸರಿಟ್ಟು, ಮತ್ತೆ ತಾನೇ ಎತ್ತಿಕೊಂಡಳು. ಆಮೇಲೆ ಯಾರು ಕೇಳಿದರೂ ಕೊಡಲಿಲ್ಲ. ಮಧ್ಯಾಹ್ನ ಹಾಲು ಕುಡಿಸುವ ಹೊತ್ತಾದಾಗ ಹೆತ್ತ ತಾಯಿ ಬಸವಂತಮ್ಮನೇ ಬಂದು, "ಚಿಕ್ಕವ್ವ, ಒಂದೀಟು ಕೊಡಬೇ," ಎಂದು ಬೇಡಿಕೊಳ್ಳಬೇಕಾಯಿತು.